ಕೈ ಹಿಡಿದವನಿಗೆ ಹೊಡೆಯುವಂತಿಲ್ಲ: ನರ್ಸ್ ಒಬ್ಬಳು ಸಮರಕಲೆ ಆರಿಸಿಕೊಂಡ ಪ್ರಕರಣ

ಮೈಸೂರಿನ ಒಂದು ಖಾಸಗಿ ಆಸ್ಪತ್ರೆ. ರಾತ್ರಿ ಹನ್ನೊಂದೂವರೆ. ರೋಗಿಯೊಬ್ಬರ ತಮ್ಮ ಕುಡಿದು ವಾರ್ಡಿಗೆ ಬಂದ. ಡಾಕ್ಟರನ್ನು ಈಗಲೇ ಕರೆಸಿ ಎಂದು ಕೂಗಾಡಿದ. ಡ್ಯೂಟಿಯಲ್ಲಿದ್ದ ನರ್ಸ್, ಬರ್ತಿದ್ದಾರೆ ಕೂತ್ಕೊಳ್ಳಿ ಎಂದಳು. ಅವನು ಅವಳ ಎಡಗೈ ಮಣಿಕಟ್ಟು ಹಿಡಿದು ಎಳೆದ. ಆಮೇಲೆ ಔಷಧಿಯ ಟ್ರಾಲಿಗೆ ಬೆನ್ನು ತಾಗುವ ತನಕ ತಳ್ಳಿದ. ಆಯಾ ಕಿರುಚಿಕೊಂಡರು, ಸೆಕ್ಯುರಿಟಿಯವರು ಓಡಿ ಬಂದರು, ಅಲ್ಲಿಗೆ ಮುಗಿಯಿತು. ಎಲ್ಲ ಸೇರಿ ಅರ್ಧ ನಿಮಿಷವೂ ಇರಲಿಕ್ಕಿಲ್ಲ. ಕೈ ಮೇಲಿನ ಬೆರಳ ಗುರುತು ಮಾತ್ರ ನಾಲ್ಕು ದಿನ ಇತ್ತು.

ಆ ನರ್ಸ್ ನನ್ನ ಅಕ್ಕನ ಮಗಳು. ವಯಸ್ಸು 26, ಎತ್ತರ 5 ಅಡಿ 1 ಇಂಚು, ತೂಕ 51 ಕಿಲೊ. ಆಟೋಟದ ಅಭ್ಯಾಸ ಇಲ್ಲ. ಮುಂದಿನ ಭಾನುವಾರ ಮನೆಗೆ ಬಂದವಳು ಕಾಫಿ ಕುಡಿಯುವ ಮೊದಲೇ ಕೇಳಿದಳು. "ಮಾವ, ನೀವು ಕಾಲೇಜಲ್ಲಿ ಜೂಡೋ ಮಾಡ್ತಿದ್ರಿ ಅಲ್ವಾ? ನಾನು ಏನು ಕಲೀಲಿ ಹೇಳಿ. ಕರಾಟೆನಾ, ಬಾಕ್ಸಿಂಗಾ?"

ಜೂಡೋ ಅಂದರೆ ಎದುರಿನವರನ್ನು ಹಿಡಿದು ಬೀಳಿಸುವ ಜಪಾನಿನ ಕಲೆ. ಅದನ್ನೇ ಕಲಿ ಎಂದು ಹೇಳಿಬಿಡುವ ಆಸೆ ನನಗೆ ಬಾಯಿತನಕ ಬಂದಿತ್ತು. ತಾನು ಕಲಿತದ್ದೇ ಶ್ರೇಷ್ಠ ಅನ್ನೋದು ಸಮರಕಲೆಯ ಲೋಕದ ಹಳೇ ಕಾಯಿಲೆ. ಕರಾಟೆಯವರು ಕರಾಟೆ ಅಂತಾರೆ, ಕೇರಳದ ಕಳರಿಯವರು ಕಳರಿ ಅಂತಾರೆ. ಅದಕ್ಕೇ ಉತ್ತರ ಹೇಳದೆ ಒಂದು ನೋಟ್‌ಬುಕ್ ಕೊಟ್ಟೆ. ಕಳೆದ ಎರಡು ವರ್ಷದಲ್ಲಿ ಯಾವಾಗ ಯಾವಾಗ ಭಯವಾಯಿತು, ಎಲ್ಲಿ, ಎದುರಿಗೆ ಯಾರಿದ್ದರು, ಅವರು ಏನು ಮಾಡಿದರು, ಅಷ್ಟು ಬರಿ ಎಂದೆ. ಅವಳಿಗೆ ಸ್ವಲ್ಪ ಬೇಜಾರಾಯಿತು. ಪಟ್ಟು ಕೇಳಿದರೆ ಮಾವ ಹೋಮ್‌ವರ್ಕ್ ಕೊಟ್ಟರಲ್ಲ ಅಂತ.

ಒಂದು ವಾರ ಬಿಟ್ಟು ತಂದಳು. 11 ಘಟನೆ. ಅದರಲ್ಲಿ 7 ಆಸ್ಪತ್ರೆಯ ಒಳಗೇ ನಡೆದದ್ದು. ರಸ್ತೆಯಲ್ಲಿ 2, ಬಸ್ಸಿನಲ್ಲಿ 1, ಇನ್ನೊಂದು ನೆಂಟರ ಮದುವೆಯಲ್ಲಿ. ಆ ಕೊನೆಯದನ್ನು ಅವಳು ಅರ್ಧ ಸಾಲಿನಲ್ಲಿ ಮುಗಿಸಿದ್ದಳು, ನಾನೂ ಕೆದಕಲಿಲ್ಲ. ಕತ್ತಲ ಗಲ್ಲಿಯಲ್ಲಿ ಗುರುತಿಲ್ಲದವನು ಬೆನ್ನು ಹತ್ತಿದ್ದು ಒಂದೇ ಒಂದು ಸಲ. ಆತ್ಮರಕ್ಷಣೆ ಅಂದ ಕೂಡಲೇ ನಮ್ಮ ತಲೆಗೆ ಬರೋದು ಆ ಗಲ್ಲಿಯೇ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರ್ಷ ವರ್ಷ ಕೊಡುವ ಲೆಕ್ಕದಲ್ಲಿ ಅತ್ಯಾಚಾರದ ಆರೋಪಿಗಳಲ್ಲಿ ಶೇಕಡಾ 90ಕ್ಕಿಂತ ಜಾಸ್ತಿ ಮಂದಿ ಸಂತ್ರಸ್ತೆಗೆ ಗೊತ್ತಿದ್ದವರೇ.

ಆಸ್ಪತ್ರೆಯ ಆ ಏಳನ್ನು ಇಬ್ಬರೂ ಕೂತು ಬಿಡಿಸಿ ನೋಡಿದೆವು. ನಾಲ್ಕು ಸಲ ಮಣಿಕಟ್ಟು ಅಥವಾ ರಟ್ಟೆ ಹಿಡಿದದ್ದು. ಒಂದು ಸಲ ಬಾಗಿಲಿಗೆ ಅಡ್ಡ ನಿಂತದ್ದು. ಎರಡು ಸಲ ಯೂನಿಫಾರ್ಮಿನ ಕಾಲರ್ ಹಿಡಿದದ್ದು, ಹಿಡಿದವರು ರೋಗಿಗಳೇ. ಆಪರೇಶನ್ ಆದ ಮೇಲೆ ವಯಸ್ಸಾದ ಕೆಲವರಿಗೆ ರಾತ್ರಿ ಹೊತ್ತು ದಿಕ್ಕು ತಪ್ಪಿದ ಹಾಗೆ ಆಗುತ್ತದೆ. ಎಲ್ಲಿದ್ದೇವೆ, ಎದುರಿಗಿರೋದು ಯಾರು ಅಂತಾನೇ ಗೊತ್ತಾಗಲ್ಲ. ಅಂಥ ಅಜ್ಜಂದಿರು ಅವರು. ಯಾರೂ ಇವಳಿಗೆ ಮುಷ್ಟಿಯಿಂದ ಗುದ್ದಿಲ್ಲ. ಚಾಕು ತೋರಿಸಿಲ್ಲ. ಎಲ್ಲ ಹಿಡಿತ, ಎಳೆತ, ತಳ್ಳಾಟ.

ನನ್ನ ಲೆಕ್ಕಾಚಾರ ಬದಲಾಗಿದ್ದು ಇಲ್ಲಿಯೇ. ಅವಳಿಗೆ ಬೇಕಾದದ್ದು ಹೊಡೆಯುವ ವಿದ್ಯೆಯಲ್ಲ. ವಾರ್ಡಿನಲ್ಲಿ ಅವಳು ಹೊಡೆಯುವ ಹಾಗೇ ಇಲ್ಲ. ಕಾನೂನಿನ ಮಾತು ಹೇಳುವುದಾದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕಿನವು. 36ನೇ ಕಲಮು ಇವಳಿಗಾಗಿಯೇ ಬರೆದಂತಿದೆ. ಎದುರಿನವನು ಬುದ್ಧಿ ಸ್ವಾಧೀನದಲ್ಲಿ ಇಲ್ಲದವನಾಗಲಿ, ಕುಡಿದವನಾಗಲಿ, ಅವನಿಂದ ರಕ್ಷಿಸಿಕೊಳ್ಳುವ ಹಕ್ಕು ಕಡಿಮೆಯಾಗುವುದಿಲ್ಲ. ಆದರೆ ಮುಂದಿನ 37ನೇ ಕಲಮು ಗೆರೆ ಎಳೆಯುತ್ತದೆ. ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ, ಅದಕ್ಕಿಂತ ಹೆಚ್ಚು ಪೆಟ್ಟು ಮಾಡುವಂತಿಲ್ಲ. ವೈದ್ಯಕೀಯ ಸಿಬ್ಬಂದಿ ಮೇಲೆ ಹಲ್ಲೆ ಮಾಡಿದವರನ್ನು ಶಿಕ್ಷಿಸಲು ಕರ್ನಾಟಕದಲ್ಲಿ 2009ರಿಂದಲೇ ಒಂದು ಕಾಯ್ದೆ ಇದೆ, ಸರಿ. ಆದರೆ ಎಪ್ಪತ್ತೈದರ ಅಜ್ಜನ ಮೂಗಿಗೆ ನರ್ಸ್ ಗುದ್ದಿದಳು ಅಂದರೆ ಯಾವ ಕಲಮು ಕೈ ಹಿಡಿದೀತು? ಕೆಲಸವೂ ಹೋಗುತ್ತದೆ, ಅವಳ ಮನಸ್ಸೂ ಒಪ್ಪುವುದಿಲ್ಲ.

ಇನ್ನೊಂದು ಕಟ್ಟು ಅಂದರೆ ಡ್ಯೂಟಿ. ಬೆಳಗಿನ ಪಾಳಿ 8ರಿಂದ 2. ಮಧ್ಯಾಹ್ನದ್ದು 2ರಿಂದ 8. ರಾತ್ರಿಯದ್ದು 8ರಿಂದ 8. ತಿಂಗಳಿಗೆ ಏಳೆಂಟು ರಾತ್ರಿ. ಬರೀ ಸಂಜೆ ಕ್ಲಾಸ್ ಇದ್ದರೆ ಅರ್ಧ ತಿಂಗಳು ತಪ್ಪುತ್ತದೆ. ಬೆಳಗ್ಗೆ, ಸಂಜೆ ಎರಡೂ ಹೊತ್ತು ನಡೆಯುವ, ಆಸ್ಪತ್ರೆಯಿಂದ ಸ್ಕೂಟರಿನಲ್ಲಿ ಹದಿನೈದು ನಿಮಿಷದ ಜಾಗ ಬೇಕಿತ್ತು. ಕಲೆಯ ಗುಣಾವಗುಣ ಚರ್ಚೆ ಮಾಡುವವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನ್ನ ಕಣ್ಣೆದುರು ಕಲಿಕೆ ಬಿಟ್ಟವರಲ್ಲಿ ಮುಕ್ಕಾಲು ಪಾಲು ಜನ ಬಿಟ್ಟದ್ದು ಟೈಮು ಹೊಂದದೆ, ಏಟಿಗೆ ಹೆದರಿ ಅಲ್ಲ.

ಅಷ್ಟರಲ್ಲಿ ಮನೆಯಲ್ಲಿ ಎಲ್ಲರೂ ಪರಿಣತರಾದರು. ಭಾವನದು ಕರಾಟೆ. ಪಕ್ಕದ ಮನೆಯ ಹಿರಿಯರು, ನಮ್ಮೂರಿನ ವಜ್ರಮುಷ್ಟಿ ಬಿಟ್ಟು ಜಪಾನಿನದ್ದು ಯಾಕೆ ಎಂದು ಕೇಳಿದರು. ಮೈಸೂರಿನವರಿಗೆ ಆ ಹೆಮ್ಮೆ ಸಹಜ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ವಜ್ರನಖ ಕಟ್ಟಿಕೊಂಡು ಕಾದುತ್ತಾರೆ. ರಕ್ತ ಕಂಡ ಕೂಡಲೇ ಕಾಳಗ ನಿಲ್ಲುತ್ತದೆ. ನೋಡಲು ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಅದು ಜಟ್ಟಿ ಮನೆತನಗಳ ಹರಕೆಯಂಥ ಆಚರಣೆ, ಸಂಜೆ ಕ್ಲಾಸಲ್ಲ. ಗರಡಿ ಮನೆಯ ಕುಸ್ತಿ ನಿಜಕ್ಕೂ ಇವಳಿಗೆ ಬೇಕಾದ ವಿದ್ಯೆಯೇ. ಹಿಡಿತ ಬಿಡಿಸೋದು, ತೂಕ ತಾಳೋದು, ಕಾಲು ಊರೋದು, ಎಲ್ಲ ಅಲ್ಲಿದೆ. ದಸರಾ ಕುಸ್ತಿಯಲ್ಲಿ ಈಗ ಹೆಣ್ಣುಮಕ್ಕಳ ಜೋಡಿಗಳೂ ಸೆಣಸುತ್ತವೆ. ಆದರೆ ಹಳೇ ಗರಡಿಗಳ ಕೆಮ್ಮಣ್ಣಿಗೆ ಹೆಂಗಸರು ಕಾಲಿಡುವ ರೂಢಿ ಇಲ್ಲ. ಎರಡು ಕಡೆ ಕೇಳಿದೆ. ಒಂದು ಕಡೆ ನಯವಾಗಿ ಇಲ್ಲ ಅಂದರು, ಇನ್ನೊಂದು ಕಡೆ ನಕ್ಕರು. ನನಗೆ ಇಂದಿಗೂ ಸಿಟ್ಟಿದೆ.

ಕಳರಿಪಯಟ್ಟಿನ ಮೇಲೆ ಹುಡುಗಿಗೇ ಒಂದು ಕಣ್ಣಿತ್ತು. ಚಂದದ ಕಲೆ. ಆದರೆ ಅದರ ಕಲಿಕೆಯ ಕ್ರಮ ನೋಡಿ. ಮೊದಲು ಮೈ ಪಳಗಿಸುವ ಮೈತ್ತಾರಿ, ಆಮೇಲೆ ಕೋಲು, ಆಮೇಲೆ ಲೋಹದ ಆಯುಧ, ಕೊನೆಯಲ್ಲಿ ಬರಿಗೈ. ಇವಳಿಗೆ ಮೊದಲ ತಿಂಗಳಲ್ಲೇ ಬೇಕಾದದ್ದು ಅಲ್ಲಿ ಕೊನೆಗೆ ಬರುತ್ತದೆ.

ಕೊನೆಗೆ ನಾಲ್ಕು ಕಡೆ ಹೋಗಿ ನೋಡೋದು ಅಂತಾಯಿತು. ಎಲ್ಲ ಕಡೆ ದುಡ್ಡು ಕಟ್ಟುವ ಮೊದಲು ಒಂದು ಕ್ಲಾಸ್ ಪೂರ್ತಿ ಕೂತು ನೋಡಬೇಕು. ಒಂದೇ ಪ್ರಶ್ನೆ ಮನಸ್ಸಿನಲ್ಲಿರಬೇಕು. ಎದುರಿನವರು ಬಿಟ್ಟುಕೊಡದೆ ನಿಜವಾಗಿ ಹಿಡಿದಾಗ, ತಳ್ಳಿದಾಗ, ಇಲ್ಲಿ ಕಲಿಯುವವರು ಏನು ಮಾಡುತ್ತಾರೆ?

ಮೊದಲು ಕರಾಟೆ. ಕಲ್ಯಾಣ ಮಂಟಪದ ಹಾಲಿನಲ್ಲಿ ನಲವತ್ತು ಜನ, ಅದರಲ್ಲಿ ಮೂವತ್ತೈದು ಮಕ್ಕಳು. ಒಂದು ಗಂಟೆ ಗಾಳಿಗೆ ಗುದ್ದು, ಗಾಳಿಗೆ ಒದೆ. ಕೊನೆಯ ಹತ್ತು ನಿಮಿಷ ಜೋಡಿ ಅಭ್ಯಾಸ. ಒಬ್ಬ ನಿಧಾನಕ್ಕೆ ಕೈ ಚಾಚುತ್ತಾನೆ, ಇನ್ನೊಬ್ಬ ತಡೆಯುತ್ತಾನೆ, ಚಾಚಿದವನು ಬೊಂಬೆಯ ಹಾಗೆ ನಿಂತೇ ಇರುತ್ತಾನೆ. ಒಂದೂವರೆ ವರ್ಷಕ್ಕೆ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ ಅಂತಲೂ ಹೇಳಿದರು. ಇದು ಕರಾಟೆಯ ದೋಷವಲ್ಲ, ಆ ಕ್ಲಾಸಿನ ದೋಷ. ಓಕಿನಾವಾ ದ್ವೀಪದ ಕರಾಟೆಯನ್ನು ಗುರು ಫುನಾಕೋಶಿ 1922ರಲ್ಲಿ ಜಪಾನಿನ ಮುಖ್ಯಭೂಮಿಗೆ ಒಯ್ದ ಮೇಲೆ ಅದು ಹತ್ತಾರು ಕವಲಾಯಿತು. ಕ್ಯೊಕುಶಿನ್‌ನಂಥ ಕವಲಿನಲ್ಲಿ ಮೈಗೆ ಪೂರ್ತಿ ಏಟು ಬೀಳುವ ಹಾಗೆಯೇ ಕಾದುತ್ತಾರೆ. ಹೊರಗಿನ ಬೋರ್ಡಿನಲ್ಲಿ ಎರಡಕ್ಕೂ ಕರಾಟೆ ಎಂದೇ ಬರೆದಿರುತ್ತದೆ.

ಎರಡನೆಯದು ಎರಡು ದಿನದ ಕ್ರಾವ್ ಮಗಾ ಶಿಬಿರ. ಬ್ರಾಟಿಸ್ಲಾವಾದ ಬೀದಿ ಜಗಳಗಳಲ್ಲಿ ಪಳಗಿದ ಇಮಿ ಲಿಚ್ಟೆನ್‌ಫೆಲ್ಡ್ ಮುಂದೆ ಇಸ್ರೇಲಿನ ಸೈನಿಕರಿಗಾಗಿ ಕಟ್ಟಿದ ಪದ್ಧತಿ ಅದು. ಅದರ ಹಿಂದಿನ ಯೋಚನೆ ಒಳ್ಳೆಯದು. ಸರಳವಾಗಿರಲಿ, ಬೇಗ ಮುಗಿಸು, ಅಲ್ಲಿಂದ ಹೋಗು. ಇವಳು ಹೋದ ಶಿಬಿರದಲ್ಲಿ ಮಾತ್ರ ಎರಡು ದಿನಕ್ಕೆ 14 ತಂತ್ರ ಹೇಳಿಕೊಟ್ಟರು. ಪಿಸ್ತೂಲು ಕಸಿಯೋದೂ ಅದರಲ್ಲಿ ಒಂದು. ಮೈಸೂರಿನ ಜನರಲ್ ವಾರ್ಡಿನಲ್ಲಿ ಪಿಸ್ತೂಲು! ಹುಡುಗಿ ಮಾತ್ರ ಖುಷಿಯಾಗಿ ಬಂದಳು. ಮಣಿಕಟ್ಟು ಬಿಡಿಸಿಕೊಳ್ಳೋದು ಕಲಿತೆ ಎಂದಳು. ಹಿಡಿದವನ ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಸಂದಿ ಇರುತ್ತದಲ್ಲ, ಆ ಕಡೆಗೆ ತಿರುಗಿಸಿ ಎಳೆಯಬೇಕು. ಸರಿಯಾದ ಪಾಠವೇ.

ಅವಳ ತಮ್ಮನನ್ನು ಕರೆದೆ. 78 ಕಿಲೊ, ಇಂಜಿನಿಯರಿಂಗ್ ಕೊನೇ ವರ್ಷ. ಅಕ್ಕನ ಕೈ ಹಿಡಿ, ಬಿಡಬೇಡ, ಎಳೆದಾಡು ಎಂದೆ. ಏಳು ಸಲ ಹಿಡಿದ. ಒಂದೇ ಸಲ ಬಿಡಿಸಿಕೊಂಡಳು, ಅದೂ ಅವನು ನಗುತ್ತಿದ್ದಾಗ. ಅವಳ ಮುಖ ಸಣ್ಣದಾಯಿತು. ತಪ್ಪಿದ್ದು ಎಲ್ಲಿ ಅಂದರೆ, ಶಿಬಿರದಲ್ಲಿ ಹಿಡಿದವರು ಸುಮ್ನೆ ನಿಂತಿದ್ದರು. ತಮ್ಮ ಎಳೆದ. ಎಳೆದಾಗ ಇವಳ ಮೈ ಮುಂದಕ್ಕೆ ಮುಗ್ಗರಿಸಿತು. ಕಾಲೇ ನೆಲೆ ತಪ್ಪಿದ ಮೇಲೆ ಕೈ ಏನು ಮಾಡೀತು? ಕೈ ಬಿಡಿಸೋದು ಕಾಲಿನಿಂದ, ಸೊಂಟದಿಂದ ಆಗುವ ಕೆಲಸ. ಒಂದು ಹೆಜ್ಜೆ ಅವನ ಕಡೆಗೇ ಹೋಗಿ, ಮೊಣಕೈಯನ್ನು ಹೊಟ್ಟೆಗೆ ತಂದುಕೊಂಡು, ಆಮೇಲೆ ತಿರುಗಿಸಬೇಕು. ಎಳೆಯುವವನ ಕಡೆಗೇ ಹೋಗು ಎಂದು ಬಾಯಲ್ಲಿ ಹೇಳಬಹುದು. ಮೈ ಅದನ್ನು ಕಲಿಯಲು ನೂರಾರು ಸಲ ಎಳೆಸಿಕೊಳ್ಳಬೇಕು.

ಮೂರನೆಯದು ಬಾಕ್ಸಿಂಗ್. ನನಗೆ ಬಹಳ ಹಿಡಿಸಿದ ಜಾಗ. ಮಾತು ಕಡಿಮೆ, ಬೆವರು ಜಾಸ್ತಿ. ಅವಳ ತೂಕದ ಹುಡುಗಿಯರು ಮೂವರಿದ್ದರು. ಹೆಲ್ಮೆಟ್ ಹಾಕಿಸಿ ಒಬ್ಬಳ ಜೊತೆ ಎರಡು ನಿಮಿಷ ಬಿಟ್ಟರು. ಮುಖಕ್ಕೆ ಮೆಲ್ಲಗೆ ನಾಲ್ಕು ಬಿತ್ತು. ಇಳಿದು ಬಂದವಳು, "ಹೊಡೆತ ಬಿದ್ರೂ ಏನೂ ಆಗಲ್ಲ ಅಂತ ಗೊತ್ತಾಯ್ತು ಮಾವ" ಎಂದಳು. ಅದು ಸಣ್ಣ ಲಾಭವಲ್ಲ. ಅವಳ ತೊಂದರೆ ರಸ್ತೆಯದ್ದೇ ಆಗಿದ್ದರೆ, ಕ್ಯಾಬ್ ಓಡಿಸುವವಳೋ ಮನೆ ಮನೆಗೆ ಪಾರ್ಸೆಲ್ ಕೊಡುವವಳೋ ಆಗಿದ್ದರೆ, ನಾನು ಅಲ್ಲಿಗೇ ಹುಡುಕಾಟ ನಿಲ್ಲಿಸುತ್ತಿದ್ದೆ. ದೂರ ಕಾಯ್ದುಕೊಳ್ಳೋದು, ಎರಡು ಏಟು ಕೊಟ್ಟು ಓಡೋದು ಅಷ್ಟು ಬೇಗ ಕಲಿಸುವ ವಿದ್ಯೆ ಇನ್ನೊಂದಿಲ್ಲ. ಆದರೆ ವಾರ್ಡಿನಲ್ಲಿ ದೂರ ಎಲ್ಲಿಂದ ಬರಬೇಕು? ಇಂಜೆಕ್ಷನ್ ಕೊಡೋದೇ ಒಂದು ಮೊಳದ ಅಂತರದಲ್ಲಿ. ಕ್ಲಾಸ್ ಕೂಡ ಸಂಜೆ ಮಾತ್ರ.

ನಾಲ್ಕನೆಯದು ಜೂಡೋ. ಈ ಸಲ ನಾನು ಒಳಗೆ ಹೋಗಲಿಲ್ಲ, ಹೊರಗೆ ಟೀ ಕುಡಿಯುತ್ತಾ ಕೂತೆ. ಬೆಳಗ್ಗೆ 6ಕ್ಕೆ ಒಂದು ಬ್ಯಾಚು, ಸಂಜೆ 6ಕ್ಕೆ ಒಂದು. ತಿಂಗಳಿಗೆ 1,200 ರೂಪಾಯಿ. ತರಬೇತುದಾರರು ಬೆಲ್ಟಿನ ಮಾತೇ ಎತ್ತಲಿಲ್ಲವಂತೆ. ಮೊದಲ ಒಂದೂವರೆ ತಿಂಗಳು ಬರೀ ಬೀಳೋದು ಕಲಿಸ್ತೀನಿ, ಬೇಜಾರಾದ್ರೆ ಈಗಲೇ ಹೇಳಿ ಅಂದರಂತೆ. ಕ್ಲಾಸಿನ ಕೊನೆಯ ಅರ್ಧ ಗಂಟೆ ರಂದೋರಿ. ಅಂದರೆ ಇಬ್ಬರೂ ಪೂರ್ತಿ ಜೋರಿನಿಂದ ಹಿಡಿದಾಡೋದು. ಯಾರೂ ಯಾರಿಗೂ ಬಿಟ್ಟುಕೊಡುವುದಿಲ್ಲ.

ಎದುರಿನವರು ಬಿಟ್ಟುಕೊಡದಿದ್ದರೆ ಏನು ಅನ್ನುವ ಪ್ರಶ್ನೆಯಿಂದಲೇ ಜೂಡೋ ಹುಟ್ಟಿದ್ದು. ಅದನ್ನು ಕಟ್ಟಿದ ಜಿಗೊರೊ ಕಾನೊ ಕುಳ್ಳ, ಸಣಕಲ. ಶಾಲೆಯಲ್ಲಿ ಏಟು ತಿಂದು ತಿಂದು, ಜಪಾನಿನ ಹಳೇ ಬರಿಗೈ ಕಾದಾಟವಾದ ಜುಜುತ್ಸು ಕಲಿಯಲು ಹೋದವರು. 1882ರಲ್ಲಿ ಟೋಕಿಯೊದ ಒಂದು ದೇವಸ್ಥಾನದಲ್ಲಿ 12 ಚಾಪೆ ಹಾಸಿಕೊಂಡು ತಮ್ಮದೇ ಶಾಲೆ ತೆರೆದರು. ಹಳೇ ಜುಜುತ್ಸುವಿನಲ್ಲಿ ಕಣ್ಣು ಚುಚ್ಚುವ, ಬೆರಳು ಮುರಿಯುವ ಭಯಂಕರ ತಂತ್ರಗಳಿದ್ದವು. ಅವನ್ನು ಜೊತೆಯವನ ಮೇಲೆ ಪೂರ್ತಿ ಜೋರಿನಲ್ಲಿ ಮಾಡಿ ನೋಡಲು ಆಗುತ್ತಿರಲಿಲ್ಲ. ಕಾನೊ ಅಪಾಯದವನ್ನು ರಂದೋರಿಯಿಂದ ಹೊರಗಿಟ್ಟರು. ಉಳಿದದ್ದನ್ನು ದಿನಾ ಪೂರ್ತಿ ಜೋರಿನಲ್ಲಿ ಮಾಡಬಹುದಾಯಿತು. ಕಡಿಮೆ ಭಯಂಕರವಾದದ್ದೇ ಹೆಚ್ಚು ಕೆಲಸಕ್ಕೆ ಬಂತು. ಜೂಡೋ ಕಲಿತಿದ್ದ ಮಿತ್ಸುಯೊ ಮಾಯೆದಾ ಬ್ರೆಜಿಲ್‌ಗೆ ಹೋದರು. ಅಲ್ಲಿ ಗ್ರೇಸಿ ಮನೆತನದವರ ಕೈಯಲ್ಲಿ ಅದು ಬ್ರೆಜಿಲಿಯನ್ ಜುಜುತ್ಸು ಆಯಿತು. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಬೇರೆ ಬೇರೆ ಕಲೆಗಳವರನ್ನು ಎದುರುಬದುರು ನಿಲ್ಲಿಸಿದಾಗ ಗೆದ್ದದ್ದು ಆ ಮನೆತನದ ಸಪೂರ ಹುಡುಗ ರಾಯ್ಸ್ ಗ್ರೇಸಿ. ಇವಳಿಗೆ ಬ್ರೆಜಿಲಿಯನ್ ಜುಜುತ್ಸು ಇನ್ನೂ ಚೆನ್ನಾಗಿ ಹೊಂದುತ್ತಿತ್ತೇನೋ. ನೆಲಕ್ಕೆ ಬಿದ್ದು ಮೇಲೆ ಒಬ್ಬ ಕೂತಾಗ ಹೊರಬರುವುದನ್ನು ಅಷ್ಟು ವಿವರವಾಗಿ ಯಾರೂ ಕಲಿಸುವುದಿಲ್ಲ. ನಾವು ವಿಚಾರಿಸಿದ ಕ್ಲಾಸು ಊರಿನ ಇನ್ನೊಂದು ತುದಿಯಲ್ಲಿತ್ತು, ತಿಂಗಳಿಗೆ 3,500. ಬಿಟ್ಟೆವು.

ಜೂಡೋ ಅಂತ ತೀರ್ಮಾನಿಸಿದವಳು ಅವಳೇ. ಅಕ್ಕ ಮಾತ್ರ ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟಳು. "ಮದುವೆ ಮಾಡೋ ಹುಡುಗಿ ಕಣೋ, ಕೈಕಾಲು ಮುರ್ಕೊಂಡ್ರೆ ನೀನು ಬಂದು ನೋಡ್ಕೋತೀಯಾ?"

ಮುರಿಯಲಿಲ್ಲ. ಮೂರನೇ ತಿಂಗಳಲ್ಲಿ ಕಾಲಿನ ಕಿರುಬೆರಳು ಉಳುಕಿತು, ಹತ್ತು ದಿನ ಕುಂಟಿದಳು. ಐದನೇ ತಿಂಗಳಲ್ಲಿ ತಮ್ಮನ ಜೊತೆ ಮತ್ತೆ ಅದೇ ಪರೀಕ್ಷೆ. ಏಳರಲ್ಲಿ ಐದು ಸಲ ಬಿಡಿಸಿಕೊಂಡಳು. ಉಳಿದ ಎರಡು ಸಲ ಅವನು ಎರಡೂ ಕೈಯಿಂದ ಹಿಡಿದು ಮೈಭಾರ ಹಾಕಿದ್ದ. ಇದನ್ನು ಮುಚ್ಚಿಡಬಾರದು. ತಂತ್ರ ಗೊತ್ತಿದ್ದರೆ ತೂಕ ಲೆಕ್ಕಕ್ಕಿಲ್ಲ ಅನ್ನೋದು ಬರೀ ಬೊಗಳೆ. ಹಾಗಿದ್ದರೆ ಜೂಡೋದಲ್ಲಿ ಹೆಂಗಸರಿಗೆ 48 ಕಿಲೊದಿಂದ ಶುರುವಾಗಿ ಏಳು ತೂಕದ ವಿಭಾಗ ಯಾಕೆ ಬೇಕು? ಟೋಕಿಯೊ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಒಬ್ಬರೇ ಜೂಡೋ ಆಟಗಾರ್ತಿ ಮಣಿಪುರದ ಸುಶೀಲಾ ದೇವಿ ಆ 48 ಕಿಲೊದವರು. ಅವರನ್ನೂ ಯಾರೂ 78 ಕಿಲೊದವರ ಎದುರು ನಿಲ್ಲಿಸಲಿಲ್ಲ.

ಜೂಡೋದಲ್ಲಿ ಇಲ್ಲದ್ದೂ ಬೇಕಾದಷ್ಟಿದೆ. ಗುದ್ದು ತಡೆಯೋದು ಬರಲ್ಲ. ಇಬ್ಬರು ಬಂದರೆ ಒಬ್ಬನನ್ನು ಹಿಡಿದುಕೊಂಡು ನಿಲ್ಲೋದೇ ಅಪಾಯ. ಚಾಕು ಕಂಡರೆ ಓಡೋದೇ ಸರಿ, ಅದಕ್ಕೆ ಯಾವ ಕಲೆಯೂ ಬೇಡ. ಪಟ್ಟುಗಳೆಲ್ಲ ದಪ್ಪ ಜಾಕೆಟ್ ನೆಚ್ಚಿಕೊಂಡಿವೆ. ತೆಳು ಅಂಗಿ ಹಿಡಿದರೆ ಹರಿದು ಕೈಗೆ ಬರುತ್ತದೆ. ಹಾಗಾಗಿ ಕಂಕುಳ ಕೆಳಗೆ ಕೈ ಹಾಕಿ ಮೈಯನ್ನೇ ಹಿಡಿಯೋದನ್ನು ಜಾಸ್ತಿ ಮಾಡಿಸಿ ಎಂದು ಕೇಳಿಕೊಂಡಳು. ತರಬೇತುದಾರರು ಒಪ್ಪಿದರು.

ನಾವು ನೋಡಿದ ಯಾವ ಕ್ಲಾಸಿನಲ್ಲೂ ಕಲಿಸದ ಒಂದನ್ನು ನಾವೇ ಸೇರಿಸಿದೆವು. ದನಿ. ಕೆನಡಾದಲ್ಲಿ ಚಾರ್ಲೀನ್ ಸೆನ್ ಮತ್ತು ಜೊತೆಯವರು ಮೂರು ವಿಶ್ವವಿದ್ಯಾಲಯಗಳ 893 ವಿದ್ಯಾರ್ಥಿನಿಯರ ಮೇಲೆ ಮಾಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಒಟ್ಟು 12 ಗಂಟೆಯ ತರಬೇತಿ. ಅದರಲ್ಲಿ ಕೈಕಾಲಿನ ಕಲಿಕೆ ಸ್ವಲ್ಪವೇ. ಉಳಿದದ್ದೆಲ್ಲ ಅಪಾಯ ಬೇಗ ಗುರುತಿಸೋದು, ಗೊತ್ತಿದ್ದವನಿಗೂ ಮುಲಾಜಿಲ್ಲದೆ ಬೇಡ ಅನ್ನೋದು, ದನಿ ಎತ್ತೋದು. ವರ್ಷದ ನಂತರ ನೋಡಿದಾಗ ಅತ್ಯಾಚಾರಕ್ಕೆ ಒಳಗಾದವರು ತರಬೇತಿ ಪಡೆದವರಲ್ಲಿ ಶೇ. 5.2, ಕರಪತ್ರ ಮಾತ್ರ ಪಡೆದವರಲ್ಲಿ ಶೇ. 9.8. ಹೆಚ್ಚು ಕಡಿಮೆ ಅರ್ಧ. ಬೆಲ್ಟಿಲ್ಲ, ಬ್ಲ್ಯಾಕಿಲ್ಲ.

ಹಾಗಾಗಿ ಭಾನುವಾರ ಸಂಜೆ ತಾರಸಿ ಮೇಲೆ ಅಭ್ಯಾಸ. ಅವಳ ತಮ್ಮ ಅವಳ ಹತ್ತಿರಕ್ಕೆ ಬರಬೇಕು, ಅವಳು ಎರಡೂ ಕೈ ಎದೆ ಮಟ್ಟಕ್ಕೆ ಎತ್ತಿ, "ಅಲ್ಲೇ ನಿಲ್ಲಿ. ಹತ್ರ ಬರ್ಬೇಡಿ" ಅನ್ನಬೇಕು. ಪಟ್ಟು ಹಾಕುವುದಕ್ಕಿಂತ ಇದು ಕಷ್ಟವಾಯಿತು. ಮೊದಲ ದಿನ ಬಾಯಿಂದ ಬಂದದ್ದು "ಸಾರಿ, ಸ್ವಲ್ಪ ಹಿಂದೆ ಹೋಗ್ತೀರಾ" ಅಂತ. ಮೂರನೇ ವಾರಕ್ಕೆ ಎದುರು ಮನೆಯವರು ಕಿಟಕಿ ತೆಗೆದು ಏನಾಯ್ತಮ್ಮ ಎಂದು ಕೇಳಿದರು.

ಆರನೇ ತಿಂಗಳಲ್ಲಿ ಒಬ್ಬ ಅಟೆಂಡರ್ ಔಷಧಿ ಕೋಣೆಯ ಬಾಗಿಲಿಗೆ ಅಡ್ಡ ನಿಂತ. ಅದೇ ಮಾತು, ಅದೇ ದನಿ. ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು, ಅವನು ಸರಿದ. ಪಟ್ಟಿನ ಅಗತ್ಯ ಬರಲಿಲ್ಲ. ಆ ವಾರವೇ ಅವಳೂ ಇನ್ನು ಆರು ಜನ ನರ್ಸ್‌ಗಳೂ ಸೇರಿ ಆಡಳಿತಕ್ಕೆ ಒಂದು ಪತ್ರ ಕೊಟ್ಟರು. ರಾತ್ರಿ ವಾರ್ಡಿಗೆ ಒಬ್ಬರ ಬದಲು ಇಬ್ಬರು, ಡೆಸ್ಕಿನ ಕೆಳಗೆ ಸೆಕ್ಯುರಿಟಿಗೆ ಕೇಳುವ ಬೆಲ್ಲು. ಬೆಲ್ಲು ಬಂತು. ಇಬ್ಬರು ಇನ್ನೂ ಬಂದಿಲ್ಲ.

ಒಂಬತ್ತನೇ ತಿಂಗಳು, ರಾತ್ರಿ ಮೂರು ಗಂಟೆ. ಸೊಂಟದ ಆಪರೇಶನ್ ಆದ ಅಜ್ಜರೊಬ್ಬರು ಮಂಚದ ಕಂಬಿ ದಾಟಿ ಇಳಿಯುತ್ತಿದ್ದರು. ಮನೆಗೆ ಹೋಗಬೇಕು, ಹಸು ಕಟ್ಟಿಲ್ಲ ಅಂತಿದ್ದರಂತೆ. ಇವಳು ಹತ್ತಿರ ಹೋದಾಗ ಎರಡೂ ಕೈಯಿಂದ ಕಾಲರ್ ಹಿಡಿದರು. ಮೊದಲಾಗಿದ್ದರೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು, ಇಬ್ಬರೂ ಬೀಳುತ್ತಿದ್ದರು. ಈ ಸಲ ಕಾಲು ತಾನಾಗೇ ಮುಂದೆ ಹೋಯಿತಂತೆ. ಮೈಗೆ ಮೈ ಹತ್ತಿಸಿ, ಒಂದು ಕೈ ಅವರ ಬೆನ್ನ ಸುತ್ತ ಹಾಕಿ, ಮೊಣಕಾಲು ಬಗ್ಗಿಸಿದಳು. ಜೂಡೋದಲ್ಲಿ ಒಬ್ಬರನ್ನು ಬೀಳಿಸುವಾಗ ಅವರ ತೋಳು ಬಿಡಬಾರದು. ಹಿಡಿದೇ ಇದ್ದರೆ ಅವರ ತಲೆ ನೆಲಕ್ಕೆ ಬಡಿಯುವುದಿಲ್ಲ. ಒಂಬತ್ತು ತಿಂಗಳು ಅದನ್ನೇ ಮಾಡಿದ ಕೈ ಅಜ್ಜರ ತೋಳನ್ನೂ ಬಿಡಲಿಲ್ಲ. ಮೆಲ್ಲಗೆ ಮಂಚದ ಅಂಚಿಗೆ ಕೂರಿಸಿದಳು, ಬೆಲ್ಲು ಒತ್ತಿದಳು. ಅಜ್ಜರು ಕಾಲರ್ ಬಿಟ್ಟದ್ದು ಐದು ನಿಮಿಷದ ಮೇಲೆ, ಹಸು ಕಟ್ಟಿ ಬಂದೆ ಎಂದು ಇವಳು ಹೇಳಿದ ಮೇಲೆ.

ಬೆಳಗ್ಗೆ ಘಟನೆಯ ವರದಿ ಬರೆಯಬೇಕಿತ್ತು. ತೆಗೆದುಕೊಂಡ ಕ್ರಮ ಎಂಬ ಕಾಲಮಿನಲ್ಲಿ ಅವಳು ಬರೆದದ್ದು ಇಷ್ಟೇ: "ರೋಗಿಗೆ ಆಧಾರ ಕೊಟ್ಟು ಕೂರಿಸಲಾಯಿತು. ಇಬ್ಬರಿಗೂ ಗಾಯವಿಲ್ಲ."